ಸೊಸೆ ಮುಟ್ಟದ ಕಾಲು

ಹೊನ್ನಾಳಿಯ ಷಣ್ಮುಖಪ್ಪನವರ ಮನೆಯಲ್ಲಿ ಸೊಸೆ ಮಾಡುವ ಕೆಲಸಕ್ಕೆ ಹೆಸರಿರಲಿಲ್ಲ. ಮಮತಾ ದಿನಾ ಒಂಬತ್ತೂಕಾಲಿನ ಬಸ್ಸಿಗೆ ನ್ಯಾಮತಿಗೆ ಹೋಗುತ್ತಿದ್ದಳು, ಸಂಜೆ ಐದರ ಹೊತ್ತಿಗೆ ಬರುತ್ತಿದ್ದಳು. ಎಲ್ಲಿಗೆ ಹೋಗುತ್ತಾಳೆ ಎಂದು ಓಣಿಯವರು ಕೇಳಿದರೆ ಅತ್ತೆ ಸರ್ವಮಂಗಳಮ್ಮ "ಆಸ್ಪತ್ರೆಗೆ" ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಏನು ಮಾಡುತ್ತಾಳೆ ಎಂದರೆ "ಡಾಕ್ಟರ್ ಹತ್ರ ಇರ್ತಾಳೆ" ಎನ್ನುತ್ತಿದ್ದರು. ಮೂರನೆಯ ಪ್ರಶ್ನೆ ಕೇಳುವಷ್ಟು ಹೊತ್ತು ಅವರು ಯಾರ ಮುಂದೆಯೂ ನಿಲ್ಲುತ್ತಿರಲಿಲ್ಲ.

ಪೂರ್ತಿ ಸುಳ್ಳೇನೂ ಅಲ್ಲ. ನ್ಯಾಮತಿಯಲ್ಲಿ ಡಾಕ್ಟರ್ ಅನ್ನಪೂರ್ಣ ಅವರ ಆಯುರ್ವೇದ ಚಿಕಿತ್ಸಾಲಯವಿತ್ತು, ಹೆಂಗಸರಿಗೆ ಮಾತ್ರ. ಅಲ್ಲಿ ಮಮತಾ ಮಸಾಜ್ ಮಾಡುತ್ತಿದ್ದಳು. ಜಗಳೂರಿನ ತವರಿನಲ್ಲಿದ್ದಾಗ ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ ಒಂದು ವರ್ಷದ ತರಬೇತಿ ಮುಗಿಸಿದ್ದಳು. ಮದುವೆ ಮಾತುಕತೆಯ ದಿನ "ಹುಡುಗಿ ಆಸ್ಪತ್ರೆ ಟ್ರೈನಿಂಗ್ ಮಾಡಿದಾಳೆ" ಎಂದು ಕೇಳಿ ತಲೆಯಾಡಿಸಿದ್ದವರು, ಅದು ಎಂಥ ಟ್ರೈನಿಂಗ್ ಎಂದು ತಿಳಿದ ಮೇಲೆ ಯಾರಿಗೂ ತಿಳಿಯದಂತೆ ನೋಡಿಕೊಳ್ಳುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದರು.

"ಬಾಣಂತಿಗೆ ಎಣ್ಣೆ ತಿಕ್ಕಲ್ವಾ ಅತ್ತೆ? ಕೂಸಿನ ಮೈ ನೀವೋದಿಲ್ವಾ? ನಾನು ಮಾಡೋದೂ ಅದೇ," ಎಂದು ಮಮತಾ ಒಮ್ಮೆ ಹೇಳಿ ನೋಡಿದ್ದಳು.

"ಅದು ಮನೆ ಒಳಗೆ ಮಾಡೋದು. ನೀನು ಊರೋರ ಬೆನ್ನು ತಿಕ್ಕಾಕೆ ಬಸ್ಸು ಹತ್ತಿ ಹೋಗ್ತೀಯ. ಮಸಾಜು ಅಂದ್ರೆ ಜನ ಏನೇನು ತಿಳ್ಕೊಂತಾರೆ ಗೊತ್ತೈತಾ? ನಿನಗೆ ನಾಚಿಕೆ ಇಲ್ದಿದ್ರೂ ನಮಗೈತೆ."

ಪೇಟೆಯಲ್ಲಿ ಗೋಣಿಚೀಲ, ಹಗ್ಗದ ಅಂಗಡಿ ಇಟ್ಟಿದ್ದ ಷಣ್ಮುಖಪ್ಪ ತಟ್ಟೆಯಿಂದ ತಲೆಯೆತ್ತದೆ, "ಊರೋರ ಅಡಿಕೆಗೆ ನಾನು ಚೀಲ ಮಾರ್ತೀನಿ, ಊರೋರ ಬೆನ್ನಿಗೆ ಅವಳು ಎಣ್ಣೆ ಹಚ್ತಾಳೆ. ಇದ್ರಾಗೆ ನಾಚಿಕೆ ಎಲ್ಲಿಂದ ಬಂತು?" ಎಂದಿದ್ದರು. ಹೆಂಡತಿ ಅವರ ತಟ್ಟೆಗೆ ಎರಡನೇ ಸಲ ಸಾರು ಹಾಕಲಿಲ್ಲ. ಮಗ ಸಿದ್ದಲಿಂಗೇಶ್ ಇಬ್ಬರ ಮಾತಿಗೂ ಹೂಂ ಎನ್ನುವವನು. ಅಪ್ಪನ ಜೊತೆ ಅದೇ ಅಂಗಡಿಯಲ್ಲಿ ಕೂರುತ್ತಿದ್ದ ಅವನಿಗೆ, ಯಾರ ಮನಸ್ಸಿಗೂ ನೋವಾಗಬಾರದು ಎಂಬುದೇ ದೊಡ್ಡ ಧರ್ಮ. ಇಂಥವರಿಂದ ಆಗುವಷ್ಟು ನೋವು ಜಗಳಗಂಟರಿಂದಲೂ ಆಗುವುದಿಲ್ಲ.

ನ್ಯಾಮತಿಯಲ್ಲಿ ಮಮತಾಳ ಕೈಗೆ ಬೇರೆಯೇ ಬೆಲೆ ಇತ್ತು. ದುರುಗಕ್ಕ ಎಂಬಾಕೆ ಇಪ್ಪತ್ತು ವರ್ಷ ಕೂತಲ್ಲೇ ಕೂತು ಅಡಿಕೆ ಸುಲಿದು, ಬಲಭುಜ ಹಿಡಿದುಕೊಂಡು ಬಂದಿದ್ದಳು. ಕೈ ಎತ್ತಿ ತುರುಬು ಕಟ್ಟಲು ಆಗುತ್ತಿರಲಿಲ್ಲ, ಮಗ್ಗುಲಾದರೆ ನಿದ್ದೆ ಇಲ್ಲ. ಮಮತಾ ಮೊದಲ ದಿನ ಭುಜವನ್ನು ಮುಟ್ಟಲೇ ಇಲ್ಲ, ಕುತ್ತಿಗೆ ಮತ್ತು ಬೆನ್ನಿನ ಮೇಲ್ಭಾಗವನ್ನಷ್ಟೇ ಬಿಸಿ ಎಣ್ಣೆಯಲ್ಲಿ ಸಡಿಲ ಮಾಡಿದಳು. ಎರಡನೇ ವಾರಕ್ಕೆ ಭುಜದ ಸುತ್ತಲಿನ ಗಂಟುಗಳನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಬಿಡಿಸಿದಳು, ಮನೆಯಲ್ಲಿ ಮಾಡುವ ವ್ಯಾಯಾಮ ಹೇಳಿಕೊಟ್ಟಳು. ನಾಲ್ಕನೇ ವಾರ ದುರುಗಕ್ಕ ಅವಳೆದುರೇ ತುರುಬು ಬಿಚ್ಚಿ ಕಟ್ಟಿ ತೋರಿಸಿ, "ರಾತ್ರಿ ಗೊರಕೆ ಹೊಡಿತೀನಂತೆ ಕಣವ್ವ, ಮಗಳು ಬೈತಾಳೆ," ಎಂದು ನಕ್ಕಳು. ಕುತ್ತಿಗೆ ಹಿಡಿದ ಟೀಚರುಗಳು, ತಲೆನೋವಿನ ಟೈಲರಮ್ಮಂದಿರು, ಹೊಸ ಬಾಣಂತಿಯರು ಎಲ್ಲರೂ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ತರಬೇತಿಯ ಮೇಷ್ಟ್ರು ಮಾತ್ರ ಒಂದು ಮಾತು ಹೇಳಿ ಕಳಿಸಿದ್ದರು. ಮೈಮೇಲೆ ಕೈ ಇಡುವುದನ್ನು ಮೂರು ತಿಂಗಳಲ್ಲಿ ಕಲಿಯಬಹುದು, ಯಾರ ಮೇಲೆ ಇಡಬಾರದು ಎಂದು ಕಲಿಯಲು ಉಳಿದ ಒಂಬತ್ತು ತಿಂಗಳು ಬೇಕು.

ಶ್ರಾವಣ ಮುಗಿದ ವಾರ ಸರ್ವಮಂಗಳಮ್ಮ ಹಿತ್ತಲಿನ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಬಲಗಾಲಿನ ಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತ್ತು. ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ಆರು ವಾರ ಎದ್ದು ಓಡಾಡಬಾರದು ಎಂದರು. ಪಡಸಾಲೆಯಲ್ಲಿ ಮಂಚ ಬಂತು. ಅಲ್ಲಿಂದ ಅಡುಗೆಮನೆ ನೇರವಾಗಿ ಕಾಣುತ್ತಿತ್ತು.

"ಒಗ್ಗರಣೆ ಸೀದ್ಹೋಯ್ತು."

"ಇಲ್ಲ ಅತ್ತೆ, ಈಗ ಸಾಸಿವೆ ಹಾಕಿದೀನಿ."

"ಮೂಗು ನನಗೂ ಐತೆ."

ಮಮತಾ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ಅತ್ತೆಯನ್ನು ಬಚ್ಚಲಿಗೆ ಕರೆದೊಯ್ದು, ಮೈ ತೊಳೆಸಿ, ಸೀರೆ ಉಡಿಸಿ, ಮಾವನಿಗೆ, ಗಂಡನಿಗೆ ಬುತ್ತಿ ಕಟ್ಟಿ ಒಂಬತ್ತೂಕಾಲಿನ ಬಸ್ಸಿಗೆ ಓಡುತ್ತಿದ್ದಳು. ಮಧ್ಯಾಹ್ನ ಷಣ್ಮುಖಪ್ಪ ಅಂಗಡಿಯಿಂದ ಬಂದು ಹೆಂಡತಿಗೆ ಊಟ ಬಡಿಸುತ್ತಿದ್ದರು. ಸಂಜೆ ಮಮತಾ ಬಂದವಳೇ ಅತ್ತೆಯ ಬೆನ್ನಿಗೆ, ಸೊಂಟಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಮಲಗಿ ಮಲಗಿ ಬೆನ್ನು ಮರಗಟ್ಟಿದೆ ಎಂದು ಸರ್ವಮಂಗಳಮ್ಮ ತಾವೇ ಕೇಳಿದ್ದು. "ಮುಂಬಾಗಿಲು ಹಾಕ್ಕೊಂಡು ಬಾ," ಎಂಬುದು ಅವರ ಒಂದೇ ಷರತ್ತು. ಅರ್ಧ ಗಂಟೆ ಕಣ್ಣು ಮುಚ್ಚಿ ಬೋರಲು ಮಲಗಿರುತ್ತಿದ್ದರು, ಬೆನ್ನು ಸಡಿಲವಾದ ಹಾಗೆ ಉಸಿರು ನಿಧಾನವಾಗುತ್ತಿತ್ತು. ಎದ್ದ ಮೇಲೆ ಚೆನ್ನಾಗಿತ್ತು ಎಂಬ ಮಾತಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಮಗಳು ರೂಪಶ್ರೀಯನ್ನು ಚನ್ನಗಿರಿಗೆ ಕೊಟ್ಟಿದ್ದರು. ಅವಳ ಅತ್ತೆ ಶಾಂತಾದೇವಿಯ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ. ತಾಯಿ ಬಿದ್ದಿದ್ದಾಳೆ ಎಂದರೂ ಆರು ವಾರದಲ್ಲಿ ಒಂದೇ ದಿನ, ಅದೂ ಬೆಳಿಗ್ಗೆ ಬಂದು ಸಂಜೆಗೆ ತಿರುಗುವಂತೆ ಕಳಿಸಿದ್ದರು. ರೂಪಶ್ರೀ ದಿನಾ ಫೋನಿನಲ್ಲಿ ಅಳುತ್ತಿದ್ದಳು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಹೇಗೋ ಎಂಟು ದಿನದ ಅಪ್ಪಣೆ ಸಿಕ್ಕಿ, ಮಕ್ಕಳನ್ನು ಅತ್ತೆಯ ಹತ್ತಿರವೇ ಬಿಟ್ಟು, ಒಂದು ಡಬ್ಬಿ ಕೋಡುಬಳೆ ಮತ್ತು ಅತ್ತೆಯ ಒಂದು ಮಾತು ಹೊತ್ತುಕೊಂಡು ಬಂದಳು.

ಶನಿವಾರ ಪ್ಲಾಸ್ಟರ್ ಬಿಚ್ಚಿದರು. ಸ್ವಲ್ಪ ಊತ ಇರುತ್ತದೆ, ಕಾಲು ಎತ್ತರದಲ್ಲಿಡಿ ಎಂದು ಹೇಳಿ ಕಳಿಸಿದರು. ಭಾನುವಾರ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಹೋಳಿಗೆ ಎಲೆಗೆ ಬಿದ್ದ ಹೊತ್ತಿಗೇ ರೂಪಶ್ರೀ ಆ ಮಾತನ್ನು ಹೊರಗೆ ತೆಗೆದಳು.

"ನಮ್ಮತ್ತೆಗೆ ಯಾರೋ ಹೇಳಿಬಿಟ್ಟಿದಾರೆ. 'ನಿನ್ನ ತಮ್ಮನ ಹೆಂಡ್ತಿ ಮೈ ತಿಕ್ಕಾಕೆ ಹೋಗ್ತಾಳಂತಲ್ಲ' ಅಂತ ನೆಂಟರ ಮುಂದೆ ಕೇಳಿದ್ರು. ನಾನು ಅವತ್ತು ಊಟ ಮಾಡ್ಲಿಲ್ಲ ಅವ್ವ."

ಸರ್ವಮಂಗಳಮ್ಮನ ಮುಖ ಕೆಂಪಾಯಿತು. "ನೋಡಿದ್ಯಾ ಮಮತಾ? ನನ್ನ ಮಗಳು ಅಲ್ಲಿ ತಲೆ ತಗ್ಗಿಸಬೇಕಾ? ನಾಳೆಯಿಂದ ಬ್ಯಾಡ. ಬಿಟ್ಟುಬಿಡು."

"ಬಿಡಲ್ಲ ಅತ್ತೆ."

"ಏನಂದೆ?"

"ಬಿಡಲ್ಲ ಅಂದೆ. ಕಳ್ಳತನ ಮಾಡ್ತಿಲ್ಲ ನಾನು. ಆರು ವಾರ ದಿನಾ ಸಂಜೆ ನಿಮ್ಮ ಬೆನ್ನಿಗೆ ಹಚ್ಚಿದೀನಿ, ಅವಾಗ ನಿಮಗೆ ನಾಚಿಕೆ ಆಗ್ಲಿಲ್ಲ."

ಹೋಳಿಗೆಯನ್ನು ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಸಿದ್ದಲಿಂಗೇಶ್ "ಆಮೇಲೆ ಮಾತಾಡೋಣ ಬಿಡ್ರಿ" ಎಂದು ನಾಲ್ಕು ಸಲ ಹೇಳಿದ. ಆ ಮಾತು ಅಲ್ಲಿಗೇ ಮುಗಿದಿದ್ದರೆ ಎಲ್ಲ ಮನೆಗಳಲ್ಲೂ ನಡೆಯುವ ಜಗಳವಾಗಿ ಉಳಿಯುತ್ತಿತ್ತು.

ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಕಟ್ಟು ಬಿಚ್ಚಿದ ಕೈಗೋ ಕಾಲಿಗೋ ಒಂಬತ್ತು ದಿನ ಬಿಸಿ ಹರಳೆಣ್ಣೆ ಹಾಕಿ ತಿಕ್ಕಬೇಕು, ಅದೂ ಮನೆಯವರ ಕೈಯಲ್ಲೇ ಆಗಬೇಕು. ಹೊರಗಿನವರು ತಿಕ್ಕಿದರೆ ಮೂಳೆ ಕೂಡಿಕೊಂಡರೂ ನೋವು ಉಳಿಯುತ್ತದೆ ಎಂದು ನಂಬಿಕೆ. ಸಂಜೆ ರೂಪಶ್ರೀ ಎಣ್ಣೆ ಕಾಯಿಸಿ ತಂದು ಮಂಚದ ಪಕ್ಕ ಇಟ್ಟಳು. ಸರ್ವಮಂಗಳಮ್ಮ ಸೊಸೆಯ ಕಡೆ ನೋಡದೆ, "ಕಲಿತೋಳೇ ಮೊದಲು ಕೈ ಹಾಕಲಿ," ಎಂದರು. ಮಧ್ಯಾಹ್ನದ ಜಗಳದ ಮೇಲೆ ಅದು ಅವರ ಮಟ್ಟಿಗೆ ರಾಜಿಯ ಮಾತೇ. ಮಮತಾಗೂ ಅದು ತಿಳಿಯಿತು. ಬಳೆ ಹಿಂದಕ್ಕೆ ಸರಿಸಿ ಕೂತಳು.

ಸೀರೆ ಮೊಣಕಾಲಿನವರೆಗೆ ಎತ್ತಿ ನೋಡಿದವಳು ಎಣ್ಣೆಗೆ ಕೈ ಅದ್ದಲಿಲ್ಲ. ಮೀನಖಂಡದ ಮೇಲೆ ಅಂಗೈ ಹಿಂಭಾಗ ತಾಗಿಸಿದಳು. ಬಿಸಿ ಇತ್ತು. ಮೆಲ್ಲಗೆ ಒತ್ತಿದರೆ ಅತ್ತೆ "ಅಯ್ಯೋ" ಎಂದರು. ಮಮತಾ ಎದ್ದು ಹೋಗಿ ಬಟ್ಟೆ ಅಳೆಯುವ ಟೇಪು ತಂದು ಎರಡೂ ಕಾಲಿನ ಸುತ್ತಳತೆ ತೆಗೆದಳು. ಎಡಗಾಲು ಮೂವತ್ತು ಸೆಂಟಿಮೀಟರ್, ಬಲಗಾಲು ಮೂವತ್ತನಾಲ್ಕು.

"ನಾನು ತಿಕ್ಕಲ್ಲ ಅತ್ತೆ. ಯಾರೂ ತಿಕ್ಕಬಾರದು. ನಾಳೆನೇ ದಾವಣಗೆರೆಗೆ ಹೋಗಿ ಸ್ಕ್ಯಾನ್ ಮಾಡಿಸ್ಬೇಕು."

"ಯಾಕೆ?"

"ಆರು ವಾರ ಅಲುಗಾಡದೆ ಇದ್ದ ಕಾಲು ಸಣ್ಣಗಾಗ್ಬೇಕು. ಇದು ದಪ್ಪ ಆಗೈತೆ, ಬಿಸಿ ಐತೆ. ಒಳಗೆ ನರದಾಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದ್ರೆ ಅದು ಕಿತ್ತುಕೊಂಡು ಎದೆಗೆ ಹೋಗುತ್ತೆ. ಜೀವಕ್ಕೇ ಬರುತ್ತೆ."

ರೂಪಶ್ರೀ ನಿಧಾನವಾಗಿ, "ಮಧ್ಯಾಹ್ನ ಬೈದಿದ್ದಕ್ಕೆ ಸಂಜೆ ಸೇಡಾ?" ಎಂದಳು.

"ರೂಪಕ್ಕ, ಇದು ಜಗಳದ ಮಾತಲ್ಲ."

"ಮತ್ತೇನು? ಡಾಕ್ಟ್ರು ನಿನ್ನೆ ತಾನೆ ನೋಡಿ ಊತ ಮಾಮೂಲು ಅಂದಿದಾರೆ. ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ? ನ್ಯಾಮತಿ ಹೆಂಗಸರಿಗೆಲ್ಲ ತಿಕ್ತೀಯ, ಮನೇಲಿರೋ ಅತ್ತೆ ಕಾಲು ಮುಟ್ಟಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ."

ಸರ್ವಮಂಗಳಮ್ಮ ಸೀರೆಯನ್ನು ಕೆಳಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. "ಬಿಡು ರೂಪಾ. ಹೇಸಿಗೆ ಆಗಿರ್ಬೇಕು ಅವಳಿಗೆ," ಎಂದರು. ಮಮತಾಳ ಕಣ್ಣಲ್ಲಿ ನೀರು ಬಂತು. ಆರು ವಾರ ಅದೇ ಮೈಯನ್ನು ತೊಳೆದವಳು ಅವಳು.

ಗಂಡನನ್ನು ಹಿತ್ತಲಿಗೆ ಕರೆದು ಹೇಳಿದಳು. ಸಿದ್ದಲಿಂಗೇಶ್ ತಲೆ ಕೆರೆದುಕೊಂಡ. "ನಾಳೆ, ನಾಡಿದ್ದು ಚೀಲದ ಲೋಡು ಬರುತ್ತೆ. ಬುಧವಾರ ಹೋಗೋಣ. ಅಷ್ಟರಾಗೆ ಅವ್ವನ ಸಿಟ್ಟೂ ಇಳಿದಿರುತ್ತೆ."

"ಊತ ಬುಧವಾರದ ತನಕ ಕಾಯಲ್ಲ ರೀ."

"ನೀನು ಅಂದಿದ್ದಕ್ಕೆ ಹೊರಟ್ರೆ ಅವ್ವ ಗಾಡಿ ಹತ್ತಲ್ಲ. ಗೊತ್ತೈತಲ್ಲ?"

ಅದೂ ನಿಜವೇ. ಸೋಮವಾರ ಮಮತಾ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಉಳಿದಳು, ಮಂಚದ ಪಕ್ಕದಿಂದ ಕದಲಲಿಲ್ಲ. ಸರ್ವಮಂಗಳಮ್ಮ ಅವಳ ಕೈಯ ನೀರು ಕುಡಿಯಲಿಲ್ಲ. ಮಾವನನ್ನು ಕೇಳಿದರೆ ಅವರೂ "ಬುಧವಾರ ಅಂದಿದಾನಲ್ಲವ್ವ" ಎಂದರು. ಮಮತಾ ಡಾಕ್ಟರ್ ಅನ್ನಪೂರ್ಣ ಅವರಿಗೆ ಫೋನು ಮಾಡಿದಳು. "ಒಂದು ದಿನವೂ ತಡ ಮಾಡಬೇಡ, ಕರ್ಕೊಂಡು ಹೋಗು," ಎಂದರು ಅವರು. ಆ ಮಾತನ್ನು ಹೇಳಿದರೆ ರೂಪಶ್ರೀ, "ಅವರೂ ನಿಮ್ಮ ಕಡೆಯವರೇ ತಾನೆ?" ಎಂದಳು. ಬಾಯಿಮಾತಿಗೆ ಬೆಲೆಯಿಲ್ಲದ ಮನೆಯಲ್ಲೂ ಸೀಲು ಒತ್ತಿದ ಕಾಗದಕ್ಕೆ ಬೆಲೆ ಇರುತ್ತದೆ ಎಂದು ಮಮತಾಗೆ ಹೊಳೆಯಿತು. ಡಾಕ್ಟರ ಕೈಯಲ್ಲಿ ದಾವಣಗೆರೆ ಆಸ್ಪತ್ರೆಗೆ ಚೀಟಿ ಬರೆಸಿಕೊಂಡು ಬರಲು ಮಂಗಳವಾರ ಮೊದಲ ಬಸ್ಸಿಗೇ ಹೊರಟಳು. ಹೋಗುವ ಮುಂಚೆ ನಾದಿನಿಯ ಮುಂದೆ ಕೈ ಮುಗಿದಳು.

"ರೂಪಕ್ಕ, ನನ್ನ ಬೈಕೊಳ್ರಿ, ಏನು ಬೇಕಾದ್ರೂ ಅನ್ರಿ. ನಾನು ಬರೋ ತನಕ ಆ ಕಾಲು ಮಾತ್ರ ಮುಟ್ಟಬ್ಯಾಡ್ರಿ."

ರೂಪಶ್ರೀ ಮುಖ ತಿರುಗಿಸಿ ಒಳಗೆ ಹೋದಳು. ಅವಳು ಕೆಟ್ಟವಳಲ್ಲ. ತಾಯಿ ಆರು ವಾರ ಮಲಗಿದ್ದಾಗ ತಾನು ಒಂದು ಲೋಟ ನೀರು ಕೊಡಲಿಲ್ಲವಲ್ಲ ಎಂಬುದು ಅವಳನ್ನು ತಿನ್ನುತ್ತಿತ್ತು. ಬಂದು ಮೂರು ದಿನವಾಗಿತ್ತು, ಉಳಿದದ್ದು ಐದು. ಕಾಲು ಇನ್ನೂ ಬಿಗಿಯುತ್ತಿದೆ ಎಂದು ತಾಯಿ ಮುಖ ಕಿವುಚಿದಾಗ ಅವಳಿಗೆ ತಡೆಯಲಾಗಲಿಲ್ಲ. ಗಂಡಸರಿಬ್ಬರೂ ಅಂಗಡಿಗೆ ಹೋದ ಮೇಲೆ ಎಣ್ಣೆ ಕಾಯಿಸಿದಳು.

"ವಾಯು ತುಂಬಿಕೊಂಡೈತೆ ಅಷ್ಟೆ ಅವ್ವ. ಕೆಳಗಿಂದ ಮೇಲಕ್ಕೆ ಎಳೆದ್ರೆ ಬಿಟ್ಟುಹೋಗುತ್ತೆ."

"ಅವಳು ಬ್ಯಾಡ ಅಂದ್ಲಲ್ಲ?" ಸರ್ವಮಂಗಳಮ್ಮನ ದನಿಯಲ್ಲಿ ಸಣ್ಣ ಅಳುಕಿತ್ತು.

"ಅವಳ ಮಾತು ನಂಬ್ತೀಯೋ, ಹೆತ್ತ ಮಗಳ ಕೈ ನಂಬ್ತೀಯೋ?"

ಇಂಥ ಪ್ರಶ್ನೆಗೆ ಯಾವ ತಾಯಿ ತಾನೆ ಬೇರೆ ಉತ್ತರ ಕೊಟ್ಟಾಳು? ರೂಪಶ್ರೀ ಇಪ್ಪತ್ತು ನಿಮಿಷ ಮೈಯ ಭಾರವೆಲ್ಲ ಹಾಕಿ ತಿಕ್ಕಿದಳು. ತಾಯಿ ಚೀರಿದಾಗಲೆಲ್ಲ "ಬಿಡ್ತಾ ಐತೆ, ಬಿಡ್ತಾ ಐತೆ" ಎಂದಳು. ಬಿಸಿನೀರು ಹಾಕಿ, ಒರೆಸಿ, ಹಣೆಗೆ ಮುತ್ತು ಕೊಟ್ಟು ಅಡುಗೆಮನೆಗೆ ಹೋದಳು. ಅನ್ನಕ್ಕೆ ಇಟ್ಟು ತಿರುಗುವಷ್ಟರಲ್ಲಿ ಪಡಸಾಲೆಯಿಂದ ಕೆಮ್ಮು ಕೇಳಿಸಿತು.

ಮಮತಾ ಚೀಟಿ ಹಿಡಿದು ಒಳಗೆ ಬಂದಾಗ ಮನೆಯೆಲ್ಲ ಹರಳೆಣ್ಣೆಯ ವಾಸನೆ. ಸರ್ವಮಂಗಳಮ್ಮ ಮಂಚದ ಮೇಲೆ ಎದ್ದು ಕೂತು, ಎರಡೂ ಕೈ ಊರಿ ಉಸಿರಿಗೆ ಒದ್ದಾಡುತ್ತಿದ್ದರು. ತುಟಿ ನೀಲಿಯಾಗುತ್ತಿತ್ತು. ರೂಪಶ್ರೀ ಬೆನ್ನು ಸವರುತ್ತ, "ಗ್ಯಾಸಾಗೈತೆ, ಜೀರಿಗೆ ನೀರು ಕೊಟ್ಟಿದೀನಿ," ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

ಮಮತಾ ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ಓಣಿಯ ಯರ್ರಿಸ್ವಾಮಿಯ ಕಾರು ತರಿಸಿ, ಅಂಗಡಿಗೆ ಫೋನು ಮಾಡಿ, ಅತ್ತೆಯನ್ನು ಕೂತ ಹಾಗೆಯೇ ಎತ್ತಿಸಿ ಹಿಂದಿನ ಸೀಟಿಗೆ ಹಾಕಿಸಿದಳು. ರೂಪಶ್ರೀಯೂ ಪಕ್ಕಕ್ಕೆ ಕೂತಳು. ಪೇಟೆಯಲ್ಲಿ ಗಂಡ, ಮಾವ ಹತ್ತಿಕೊಂಡರು, ಅವಳ ಕೈಯ ಹರಳೆಣ್ಣೆ ವಾಸನೆಗೇ ಇಬ್ಬರಿಗೂ ನಡೆದದ್ದು ತಿಳಿಯಿತು. ದಾವಣಗೆರೆ ಮುಟ್ಟುವವರೆಗೆ ಸರ್ವಮಂಗಳಮ್ಮ ಸೊಸೆಯ ಮಣಿಕಟ್ಟನ್ನು ಬಳೆ ಮುರಿಯುವ ಹಾಗೆ ಹಿಡಿದುಕೊಂಡಿದ್ದರು. "ಮೆಲ್ಲಗೆ ಉಸಿರು ತಗೊಳ್ರಿ ಅತ್ತೆ, ನಾನಿದೀನಿ," ಎಂದು ಮಮತಾ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಸಾಯುತ್ತಾರೆ ಎಂದೇ ಅವಳಿಗೆ ಅನಿಸಿತ್ತು.

ಸಾಯಲಿಲ್ಲ. ಕಾಲಿನಿಂದ ಹೆಪ್ಪುಗಟ್ಟಿದ ರಕ್ತದ ತುಂಡು ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಆಕ್ಸಿಜನ್ ಹಾಕಿ, ರಕ್ತ ತೆಳುವಾಗುವ ಇಂಜೆಕ್ಷನ್ ಶುರು ಮಾಡಿದರು. ಒಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದ ಹುಡುಗ ಡಾಕ್ಟರು, ಎಣ್ಣೆ ಮಿಂಚುತ್ತಿದ್ದ ಕಾಲನ್ನು ನೋಡಿದ, ಮಮತಾ ಕೊಟ್ಟ ಚೀಟಿಯ ಮೇಲಿದ್ದ ಚಿಕಿತ್ಸಾಲಯದ ಹೆಸರು ನೋಡಿದ.

"ಈ ಚೀಟಿ ತಂದವರು ಯಾರು?"

"ನಾನು ಸರ್."

"ನೀವೇನು ಮಾಡ್ತೀರ ಅಲ್ಲಿ?"

"ಮಸಾಜ್ ಥೆರಪಿಸ್ಟ್."

"ಚೆನ್ನಾಗಿದೆ. ತಿಕ್ಕಿ ಕೆಡಿಸೋದೂ ನೀವೇ, ಆಮೇಲೆ ಚೀಟಿ ಕೊಟ್ಟು ಕಳಿಸೋದೂ ನೀವೇ! ಪ್ಲಾಸ್ಟರ್ ತೆಗೆದ, ಊದಿರೋ ಕಾಲು ತಿಕ್ಕಬಾರದು ಅಂತ ಅಷ್ಟೂ ಗೊತ್ತಿಲ್ವೇನ್ರೀ? ಸತ್ತೇ ಹೋಗ್ತಿದ್ರು ಇವರು."

ವಾರ್ಡಿನ ಬಾಗಿಲಲ್ಲಿ ಹತ್ತು ಜನ ತಿರುಗಿ ನೋಡಿದರು. ಮಮತಾ ರೂಪಶ್ರೀಯ ಕಡೆ ನೋಡಿದಳು. ರೂಪಶ್ರೀ ನೆಲ ನೋಡಿದಳು. ಸಿದ್ದಲಿಂಗೇಶ್ ಜೇಬಿನಲ್ಲಿ ಏನೋ ಹುಡುಕುತ್ತಿದ್ದ. ಆಗ ಮಂಚದ ಮೇಲಿಂದ ಸರ್ವಮಂಗಳಮ್ಮ ಮೂಗಿನ ಮೇಲಿನ ಆಕ್ಸಿಜನ್ನನ್ನು ಪಕ್ಕಕ್ಕೆ ಸರಿಸಿದರು.

"ಅವಳಲ್ಲ... ನಾನೇ ತಿಕ್ಕಿಕೊಂಡೆ."

"ಮಾತಾಡಬೇಡಿ ಅಮ್ಮ," ಎಂದು ಡಾಕ್ಟರು ಅದನ್ನು ಮತ್ತೆ ಸರಿಮಾಡಿದ. ಆ ಮಾತನ್ನು ಅವನು ನಂಬಿದ ಹಾಗೆ ಕಾಣಲಿಲ್ಲ.

ಕಾರಿಡಾರಿನ ಕೊನೆಯಲ್ಲಿ ಮಮತಾ ಗಂಡನನ್ನು ಹಿಡಿದಳು. "ನೀವು ಅಲ್ಲೇ ಇದ್ರಲ್ಲ ರೀ."

"ಅಕ್ಕನ ಹೆಸರು ಹೆಂಗೆ ಹೇಳ್ಲಿ ಮಮತಾ? ಚನ್ನಗಿರಿಗೆ ಗೊತ್ತಾದ್ರೆ ಅವರತ್ತೆ ಬಿಡ್ತಾರಾ ಅವಳನ್ನ?"

"ನನ್ನ ಹೆಸರು ಬಂದಾಗ ಸುಮ್ನಿದ್ರಲ್ಲ, ಅದು ಹೆಂಗೆ ಆಯ್ತು?"

ಅವನು "ಕಾಫಿ ತರ್ಲಾ?" ಎಂದ. ಮಮತಾಗೆ ಮದುವೆಯಾದ ಮೂರು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಲು ಬೇಸರವಾಯಿತು.

ಷಣ್ಮುಖಪ್ಪ ಕ್ಯಾಂಟೀನಿನಲ್ಲಿ ಮಗಳ ಎದುರು ಕೂತು, ಅವಳು ಇಡ್ಲಿಯನ್ನು ಚೂರು ಮಾಡುವುದನ್ನು ಸುಮ್ಮನೆ ನೋಡಿದರು. ಆಮೇಲೆ ಹೇಳಿದರು, "ನಿಮ್ಮವ್ವ ಒಂದು ಸುಳ್ಳು ಹೇಳಿ ಇಬ್ಬರನ್ನ ಉಳಿಸಾಕೆ ಹೋದ್ಲು. ಇಬ್ಬರಲ್ಲಿ ಒಬ್ಬಳಿಗೆ ಅದು ಬೇಕಿರ್ಲಿಲ್ಲ. ನಾನೂ ಬುಧವಾರ ಬುಧವಾರ ಅಂತ ಕೂತಿದ್ದೆ, ನನ್ನದೂ ತಪ್ಪೈತೆ. ಆದ್ರೆ ನಿನ್ನ ಬಾಯಿ ನಾನು ತೆಗೆಸಾಕೆ ಆಗಲ್ಲ ರೂಪಾ." ರೂಪಶ್ರೀ ಅಳುತ್ತ ಕೈ ತೊಳೆಯಲು ಎದ್ದು ಹೋದಳು.

ಹೊನ್ನಾಳಿಯಲ್ಲಿ ಸುದ್ದಿ ಕಾರಿಗಿಂತ ಬೇಗ ಓಡಾಡಿತ್ತು. ಸೊಸೆ ತಿಕ್ಕಿ ಅತ್ತೆಯ ರಕ್ತ ಎದೆಗೆ ಏರಿಸಿದಳು ಎಂಬ ಮಾತು ಶುಕ್ರವಾರದ ಹೊತ್ತಿಗೆ ನ್ಯಾಮತಿ ಮುಟ್ಟಿತು. ಡಾಕ್ಟರ್ ಅನ್ನಪೂರ್ಣ ಫೋನು ಮಾಡಿದರು. "ನನಗೆ ನಿಜ ಗೊತ್ತು ಮಮತಾ. ಆದರೆ ಈ ವಾರ ನಿನ್ನ ಹೆಸರಿಗೆ ಬರೆಸಿದ್ದ ಐದು ಜನ ಬೇಡ ಅಂದಿದ್ದಾರೆ. ಬಾಣಂತಿ ಒಬ್ಬಳ ತಾಯಿ ಬಂದು ಜಗಳವನ್ನೇ ಆಡಿದಳು. ಸ್ವಲ್ಪ ದಿನ ಮನೆಯಲ್ಲೇ ಇರು." ಮಮತಾ ಫೋನಿಟ್ಟು ತನ್ನ ಕೈಗಳನ್ನು ನೋಡಿಕೊಂಡಳು. ಅವಳಿಗೆ ಇದ್ದ ವಿದ್ಯೆ ಅದೊಂದೇ. ಮೈ ಒಡ್ಡುವವರೇ ಇಲ್ಲದಿದ್ದರೆ ಆ ಕೈಯಿಂದ ಇನ್ನು ರೊಟ್ಟಿ ಬಡಿಯುವುದೊಂದೇ ಉಳಿಯುವುದು.

ಆದರೂ ಆಸ್ಪತ್ರೆ ಬಿಟ್ಟು ಹೋಗಲಿಲ್ಲ. ಬೆಳಿಗ್ಗೆ ಗಂಜಿ ಕುಡಿಸುವುದು, ಹೊದಿಕೆ ಬದಲಿಸುವುದು, ಮಾತ್ರೆ ಕೊಡುವುದು ಎಲ್ಲ ಅವಳೇ. ನಾದಿನಿಯ ಜೊತೆ ಬೇಕಾದಷ್ಟೇ ಮಾತು. ಸರ್ವಮಂಗಳಮ್ಮನನ್ನು ಐದನೇ ದಿನ ಸಾಮಾನ್ಯ ವಾರ್ಡಿಗೆ ಹಾಕಿದರು. ಒಮ್ಮೆ ಅವರು, "ನಾನು ಡಾಕ್ಟ್ರಿಗೆ ಹೇಳಿದ್ನಲ್ಲ, ನೀನಲ್ಲ ಅಂತ," ಎಂದರು, ಒಪ್ಪಿಸುವ ದನಿಯಲ್ಲಿ.

"ಹೇಳಿದ್ರಿ ಅತ್ತೆ. ಯಾರೂ ನಂಬಲಿಲ್ಲ," ಎಂದಳು ಮಮತಾ. ಸಿಟ್ಟನ್ನು ಅವಳು ಮುಚ್ಚಿಡಲೂ ಇಲ್ಲ.

ಭಾನುವಾರ ಶಾಂತಾದೇವಿ ಬಂದರು. ಜೊತೆಗೆ ಇಬ್ಬರು ನೆಂಟರು, ಒಂದು ಬುಟ್ಟಿ ಹಣ್ಣು. ಮಂಚದ ಪಕ್ಕದ ಒಂದೇ ಕುರ್ಚಿಯಲ್ಲಿ ಕೂತು, ಬಾಟಲಿಯಿಂದ ಇಳಿಯುವ ಔಷಧಿ ನೋಡಿದರು. ಆಮೇಲೆ ಬುಟ್ಟಿ ಇಳಿಸಿಕೊಳ್ಳಲು ಬಂದ ಮಮತಾಳನ್ನು ನೋಡಿದರು.

"ನಾನು ಮೊದಲೇ ಅಂದಿದ್ದೆ ಸರ್ವಮಂಗಳಮ್ಮ. ಬೀದಿ ಕೆಲಸದೋರನ್ನ ಮನೆ ತುಂಬಿಸಿಕೊಂಡ್ರೆ ಹಿಂಗೇ ಆಗೋದು. ಜೀವಕ್ಕೇ ತಂದ್ಲಲ್ಲ!"

"ಇಲ್ಲ ರೀ. ನಾನೇ ತಿಕ್ಕಿಕೊಂಡಿದ್ದು," ಎಂದರು ಸರ್ವಮಂಗಳಮ್ಮ.

"ಅಯ್ಯೋ, ನಮಗೆ ತಿಳಿಯಲ್ವಾ? ಏಳಾಕೆ ಆಗದೋರು ನೀವು ಹೆಂಗೆ ತಿಕ್ಕಿಕೊಂತೀರಿ? ಸೊಸೆ ಮಾನ ಉಳಿಸಾಕೆ ಹಿಂಗಂತೀರಿ. ನಿಮ್ಮ ದೊಡ್ಡತನ ಅದು. ಪೊಲೀಸಿಗೆ ಕೊಡಬೇಕಿತ್ತು ಇಂಥೋಳನ್ನ."

ಸೊಸೆಯನ್ನು ಬಿಡಿಸಲು ಹೇಳಿದ ಸುಳ್ಳೇ ಸೊಸೆಗೆ ಉರುಳಾಗಿತ್ತು. ಮಮತಾ ಹಣ್ಣಿನ ಬುಟ್ಟಿಯನ್ನು ಹಿಡಿದುಕೊಂಡೇ ನಿಂತಿದ್ದಳು. ಷಣ್ಮುಖಪ್ಪ ಮಗಳನ್ನು ನೋಡಿದರು. ಸಿದ್ದಲಿಂಗೇಶ್ ಬಾಯಿ ತೆರೆದ, "ಅದು ಹಂಗಲ್ಲ ಅತ್ತೆಮ್ಮ..." ಎಂದ, ಅಲ್ಲಿಗೇ ನಿಂತ.

"ತಿಕ್ಕಿದ್ದು ನಾನು," ಎಂದಳು ರೂಪಶ್ರೀ.

ಶಾಂತಾದೇವಿ ತಿರುಗಿದರು. "ಏನಂದೆ?"

"ಎಣ್ಣೆ ಕಾಯಿಸಿ ತಿಕ್ಕಿದ್ದು ನಾನು ಅತ್ತೆ. ಅವಳು ಕೈ ಮುಗಿದು ಬ್ಯಾಡ ಅಂದಿದ್ಲು. ಜೀವಕ್ಕೇ ಬರುತ್ತೆ ಅಂತ ಬಾಯಿಬಿಟ್ಟು ಹೇಳಿದ್ಲು. ಅವಳು ಚೀಟಿ ತರಾಕೆ ಹೋದಾಗ ತಿಕ್ಕಿದೆ. ಅವ್ವನ್ನ ಇಲ್ಲಿಗೆ ತಂದು ಉಳಿಸಿದ್ದು ಅವಳು."

ಶಾಂತಾದೇವಿ ಸೆರಗು ಸರಿಮಾಡಿಕೊಂಡು, ಒಂದೊಂದೇ ಮಾತನ್ನು ತೂಗಿ ಇಟ್ಟ ಹಾಗೆ, "ಹೆತ್ತೋಳನ್ನೇ ಸಾವಿನ ಬಾಗಿಲಿಗೆ ತಳ್ಳಿದೋಳು, ಆಮೇಲೆ ಐದು ದಿನ ಬಾಯಿ ಹೊಲ್ಕೊಂಡು ಕೂತೋಳು. ಇಂಥೋಳ ಕೈಯಾಗೆ ನನ್ನ ಮೊಮ್ಮಕ್ಕಳನ್ನ ಬಿಟ್ಟಿದೀನಲ್ಲ," ಎಂದರು.

ಮಮತಾ ಬುಟ್ಟಿಯನ್ನು ಕೆಳಗಿಟ್ಟಳು. "ಅವರು ಬೇಕಂತ ಮಾಡಿದ್ದಲ್ಲ ರೀ. ತಾಯಿ ನೋವು ನೋಡಾಕೆ ಆಗದೆ ಮಾಡಿದ್ದು. ತಿಳೀದೆ ಆಗಿದ್ದು..."

"ನೀನು ಸುಮ್ನಿರು ಮಮತಾ." ರೂಪಶ್ರೀಯ ಕಣ್ಣಿಂದ ನೀರು ಸುರಿಯುತ್ತಿತ್ತು, ದನಿ ಮಾತ್ರ ಒಡೆಯಲಿಲ್ಲ. "ನನ್ನ ಪರ ನೀನು ಮಾತಾಡಬ್ಯಾಡ. ನಿನ್ನ ಪರ ನಾನು ಮಾತಾಡಬೇಕಾದಾಗ ನೆಲ ನೋಡ್ಕೊಂಡು ನಿಂತಿದ್ದೆ."

ಶಾಂತಾದೇವಿ ಎದ್ದು ಹೊರಟರು. ರೂಪಶ್ರೀ ಅವರ ಹಿಂದೆ ಹೋಗಲಿಲ್ಲ.